ಕೊಸುಕೆ ಕಿಟಾಜಿಮಾ ಯಾರು? ಕೊಳದ ದಂಡೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತೇನೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಲ್ಯಾಮಿನೇಟ್ ಮಾಡಿಸಿದ ಒಂದು ಫೋಟೊ ಇರುತ್ತದೆ. ನೀರಿನಿಂದ ಭುಜದವರೆಗೆ ಎದ್ದು ಬಂದ, ಬಾಯಿ ತೆರೆದು ಉಸಿರು ಎಳೆಯುತ್ತಿರುವ ಜಪಾನಿನ ಒಬ್ಬ ಈಜುಗಾರ. ಬೇಸಿಗೆ ಶಿಬಿರ ಶುರುವಾದ ಮೊದಲ ವಾರವೇ ಯಾರಾದರೂ ಒಬ್ಬ ಹುಡುಗ ಆ ಫೋಟೊ ಹಿಡಿದುಕೊಂಡು "ಸರ್ರ, ಇಂವ ಯಾರ್ರಿ?" ಅಂತ ಕೇಳುತ್ತಾನೆ. ಆಮೇಲೆ ಪಾಲಕರೂ ಕೇಳುತ್ತಾರೆ. ಅವರೆಲ್ಲರ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಹಾಗಾದರೆ ಯಾರು ಅವರು?

ಕೊಸುಕೆ ಕಿಟಾಜಿಮಾ. ಹುಟ್ಟಿದ್ದು 1982ರ ಸೆಪ್ಟೆಂಬರ್ 22ರಂದು, ಟೋಕಿಯೊದಲ್ಲಿ. ಬ್ರೆಸ್ಟ್‌ಸ್ಟ್ರೋಕ್ ಈಜುಗಾರ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಮತ್ತು 200 ಮೀಟರ್ ಎರಡರಲ್ಲೂ ಚಿನ್ನ. ನಾಲ್ಕು ವರ್ಷದ ನಂತರ ಬೀಜಿಂಗ್‌ನಲ್ಲಿ ಮತ್ತೆ ಅದೇ ಎರಡೂ ಚಿನ್ನ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಅದಕ್ಕೂ ಮೊದಲು ಯಾರೂ ಇದನ್ನು ಮಾಡಿರಲಿಲ್ಲ. ರಿಲೇ ಪದಕಗಳನ್ನೂ ಸೇರಿಸಿದರೆ ಒಟ್ಟು ಏಳು ಒಲಿಂಪಿಕ್ ಪದಕ: ನಾಲ್ಕು ಚಿನ್ನ, ಒಂದು ಬೆಳ್ಳಿ, ಎರಡು ಕಂಚು. 2016ರಲ್ಲಿ ನಿವೃತ್ತರಾದರು.

ಬ್ರೆಸ್ಟ್‌ಸ್ಟ್ರೋಕ್ ಅಂದರೆ ನಮ್ಮ ಬಾವಿಯ ಕಪ್ಪೆ ಈಸೇ ಅಲ್ವಾ?

ಅದರ ಅಣ್ಣನೋ ತಮ್ಮನೋ ಅನ್ನಬಹುದು. ನಾನೂ ಬಾವಿಯಲ್ಲೇ ಕಲಿತವನು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಕಾಕಾ ಮೇಲಿನಿಂದ ನೂಕುತ್ತಿದ್ದರು. ತಲೆ ಮೇಲೆ ಇಟ್ಟುಕೊಂಡು, ಕೈಕಾಲು ಅಗಲಿಸಿ ಬಡಿಯುವುದು. ಮುಳುಗದೆ ದಂಡೆ ಸೇರಿದರೆ ಈಸು ಬಂತು ಅಂತ ಲೆಕ್ಕ. ಜೀವ ಉಳಿಸಿಕೊಳ್ಳಲು ಅದು ಸಾಕು.

ಸ್ಪರ್ಧೆಯ ಬ್ರೆಸ್ಟ್‌ಸ್ಟ್ರೋಕ್‌ಗೆ ಕಟ್ಟುನಿಟ್ಟಿನ ನಿಯಮ ಇದೆ. ಎರಡೂ ಕೈ ಒಟ್ಟಿಗೆ ಚಲಿಸಬೇಕು, ಎರಡೂ ಕಾಲು ಒಟ್ಟಿಗೆ ಒದೆಯಬೇಕು. ಪಾದ ಹೊರಕ್ಕೆ ತಿರುಗಿರಬೇಕು. ತಿರುಗುವಾಗಲೂ ಮುಗಿಸುವಾಗಲೂ ಎರಡೂ ಕೈಯಿಂದ ಗೋಡೆ ಮುಟ್ಟಬೇಕು, ಒಂದೇ ಕೈ ತಾಗಿದರೆ ಔಟ್. ಪ್ರತಿ ಸ್ಟ್ರೋಕ್‌ಗೆ ಒಮ್ಮೆ ತಲೆ ನೀರಿನ ಮೇಲೆ ಬರಲೇಬೇಕು.

ನಾಲ್ಕು ಬಗೆಯ ಈಜಿನಲ್ಲಿ ಇದೇ ಎಲ್ಲಕ್ಕಿಂತ ನಿಧಾನದ್ದು. ಕಾರಣ ಸರಳ. ಫ್ರೀಸ್ಟೈಲ್‌ನಲ್ಲಿ ಕೈ ಗಾಳಿಯಲ್ಲಿ ಮುಂದಕ್ಕೆ ಹೋಗುತ್ತದೆ. ಇಲ್ಲಿ ಮೊಣಕೈಯನ್ನು ನೀರೊಳಗೇ ಇಟ್ಟುಕೊಂಡು ಕೈ ಮುಂದಕ್ಕೆ ಚಾಚಬೇಕು, ಮೊಣಕಾಲನ್ನೂ ನೀರೊಳಗೇ ಮಡಚಬೇಕು. ಆ ಹೊತ್ತಿಗೆ ನೀರು ಎದೆಗೆ, ತೊಡೆಗೆ ಅಡ್ಡ ನಿಲ್ಲುತ್ತದೆ. ಒದ್ದಾಗ ಬಂದ ವೇಗ ಮಡಚುವಾಗ ಹೋಗಿಬಿಡುತ್ತದೆ. ಎಷ್ಟು ಜಾಸ್ತಿ ಬಡಿಯುತ್ತೀರೋ ಅಷ್ಟು ಸಲ ನೀವೇ ಬ್ರೇಕ್ ಹಾಕಿದ ಹಾಗೆ. ಕಿಟಾಜಿಮಾ ಅವರ ಇಡೀ ಕಥೆ ನಿಂತಿರುವುದು ಈ ಒಂದು ಮಾತಿನ ಮೇಲೆ. ಅದಕ್ಕೇ ಆ ಫೋಟೊ ಬ್ಯಾಗಿನಲ್ಲಿದೆ.

ಅವರು ಶ್ರೀಮಂತರ ಮನೆಯವರಾ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ತಂದೆಯಂದಿರು. ಅವರ ಮನೆಯವರದು ಟೋಕಿಯೊದಲ್ಲಿ ಒಂದು ಮಾಂಸದಂಗಡಿ. ಖೀಮಾ ತುಂಬಿ ಕರಿದ ಕಟ್ಲೆಟ್‌ಗೆ ಆ ಅಂಗಡಿ ಹೆಸರುವಾಸಿ. ಹುಡುಗ ಐದನೇ ವಯಸ್ಸಿಗೆ ಈಜುಕೊಳಕ್ಕೆ ಹೋಗಲು ಶುರು ಮಾಡಿದ. ಹೈಸ್ಕೂಲಿನ ವಯಸ್ಸಿಗೆ ಬಂದಾಗ ನೊರಿಮಾಸಾ ಹಿರಾಯ್ ಎನ್ನುವ ಕೋಚ್ ಕಣ್ಣಿಗೆ ಬಿದ್ದ. ಮೈ ತುಂಬಾ ಬಿಗಿ, ಅಷ್ಟೇನೂ ಬಳುಕುವುದಿಲ್ಲ. ಎತ್ತರವೂ ಮುಂದೆ 178 ಸೆಂಟಿಮೀಟರ್‌ಗೆ ನಿಂತಿತು, ಈಜುಗಾರರ ಲೆಕ್ಕದಲ್ಲಿ ಕಡಿಮೆಯೇ. ಹಿರಾಯ್ ಹಿಡಿದದ್ದು ಹುಡುಗನ ಮನಸ್ಸಿನ ಗಟ್ಟಿತನವನ್ನು. ಅಲ್ಲಿಂದ ಬೀಜಿಂಗ್‌ವರೆಗೆ ಇಬ್ಬರೂ ಒಟ್ಟಿಗೇ ಇದ್ದರು.

ಮೊದಲ ಒಲಿಂಪಿಕ್ಸ್‌ನಲ್ಲೇ ಗೆದ್ದರಾ?

ಇಲ್ಲ. 2000ದ ಸಿಡ್ನಿಯಲ್ಲಿ 100 ಮೀಟರ್‌ನಲ್ಲಿ ನಾಲ್ಕನೇ ಸ್ಥಾನ. ಆಗ ಇನ್ನೂ 17 ವರ್ಷ. ಫೈನಲ್ ಆದ ಐದು ದಿನಕ್ಕೆ 18 ತುಂಬಿತು. ನಾಲ್ಕನೇ ಸ್ಥಾನದ ಸಂಕಟ ಏನೆಂದು ತಾಲ್ಲೂಕು ಮಟ್ಟದಲ್ಲಿ ಈಜಿದ ಮಕ್ಕಳಿಗೂ ಗೊತ್ತು.

ದೊಡ್ಡ ಹೆಸರು ಬಂದದ್ದು ಯಾವಾಗ?

2002ರ ಅಕ್ಟೋಬರ್‌ನಲ್ಲಿ, ಬುಸಾನ್ ಏಷ್ಯನ್ ಗೇಮ್ಸ್‌ನಲ್ಲಿ. 200 ಮೀಟರ್‌ನಲ್ಲಿ ಅಮೆರಿಕದ ಮೈಕ್ ಬ್ಯಾರೊಮನ್ 1992ರ ಬಾರ್ಸಿಲೋನಾದಲ್ಲಿ ಮಾಡಿದ 2 ನಿಮಿಷ 10.16 ಸೆಕೆಂಡಿನ ವಿಶ್ವದಾಖಲೆ ಹತ್ತು ವರ್ಷ ಹಾಗೇ ಕೂತಿತ್ತು. ಕಿಟಾಜಿಮಾ 2 ನಿಮಿಷ 9.97 ಸೆಕೆಂಡಿನಲ್ಲಿ ಮುಗಿಸಿದರು. 2 ನಿಮಿಷ 10 ಸೆಕೆಂಡಿಗಿಂತ ಕೆಳಗೆ ಬಂದ ಮೊದಲ ಮನುಷ್ಯ. ಮುಂದಿನ ವರ್ಷ ಬಾರ್ಸಿಲೋನಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರ್ 59.78 ಸೆಕೆಂಡ್, 200 ಮೀಟರ್ 2 ನಿಮಿಷ 9.42 ಸೆಕೆಂಡ್. ಎರಡೂ ಚಿನ್ನ, ಎರಡೂ ವಿಶ್ವದಾಖಲೆ.

ಅಥೆನ್ಸ್‌ನಲ್ಲಿ ಮೋಸ ಮಾಡಿದರು ಅಂತ ಓದಿದೆ. ನಿಜವಾ?

ಈ ಪ್ರಶ್ನೆಗೆ ನಾನು ಜಾರಿಕೊಳ್ಳುವುದಿಲ್ಲ. ಮಕ್ಕಳಿಗೂ ಪೂರ್ತಿ ಹೇಳುತ್ತೇನೆ.

ಡೈವ್ ಮಾಡಿದ ಮೇಲೆ, ಮತ್ತು ಗೋಡೆ ಒದ್ದು ತಿರುಗಿದ ಮೇಲೆ, ಬ್ರೆಸ್ಟ್‌ಸ್ಟ್ರೋಕ್ ಈಜುಗಾರ ನೀರೊಳಗೇ ಒಂದು ದೊಡ್ಡ ಎಳೆತ ಎಳೆಯಬಹುದು. ಕೈಯನ್ನು ತೊಡೆಯವರೆಗೂ ತಳ್ಳುವ ಈ ಎಳೆತಕ್ಕೆ ಪುಲ್ ಔಟ್ ಅನ್ನುತ್ತೇವೆ. ಅಷ್ಟು ಜೋರಾಗಿ ಎಳೆದಾಗ ಕಾಲು ತಾನಾಗಿಯೇ ಮೀನಿನ ಬಾಲದ ಹಾಗೆ ಒಮ್ಮೆ ಮೇಲೆ ಕೆಳಗೆ ಆಡುತ್ತದೆ. ಬೇಕೆಂದೇ ಹಾಗೆ ಹೊಡೆದರೆ ಅದು ಡಾಲ್ಫಿನ್ ಕಿಕ್. 2004ರಲ್ಲಿ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಅದಕ್ಕೆ ಅನುಮತಿ ಇರಲಿಲ್ಲ.

ಅಥೆನ್ಸ್‌ನ 100 ಮೀಟರ್ ಫೈನಲ್‌ನಲ್ಲಿ ಕಿಟಾಜಿಮಾ 1 ನಿಮಿಷ 0.08 ಸೆಕೆಂಡ್. ಎರಡನೇ ಸ್ಥಾನದ, ಅಮೆರಿಕದ ಬ್ರೆಂಡನ್ ಹ್ಯಾನ್ಸೆನ್ 1 ನಿಮಿಷ 0.25 ಸೆಕೆಂಡ್. ರೇಸ್ ಮುಗಿದ ಮೇಲೆ ಹ್ಯಾನ್ಸೆನ್ ಅವರ ತಂಡದ ಏರನ್ ಪೀರ್ಸಾಲ್, ಕಿಟಾಜಿಮಾ ಡಾಲ್ಫಿನ್ ಕಿಕ್ ಹೊಡೆದರು ಅಂತ ಬಹಿರಂಗವಾಗಿ ಹೇಳಿದರು. ನೀರೊಳಗಿನ ಕ್ಯಾಮೆರಾದಲ್ಲಿ ಕಾಲು ಆಡಿದ್ದು ಕಾಣುತ್ತದೆ. ಆದರೆ ದಂಡೆಯ ಮೇಲೆ ನಿಂತ ಯಾವ ಅಧಿಕಾರಿಯೂ ತಪ್ಪು ಎಂದು ಕೈ ಎತ್ತಲಿಲ್ಲ. ಚಿನ್ನ ಉಳಿಯಿತು. ಮುಂದಿನ ವರ್ಷ, 2005ರಲ್ಲಿ, ಅಂತರರಾಷ್ಟ್ರೀಯ ಈಜು ಸಂಸ್ಥೆ ನಿಯಮವನ್ನೇ ಬದಲಿಸಿತು. ಪುಲ್ ಔಟ್‌ನಲ್ಲಿ ಒಂದು ಡಾಲ್ಫಿನ್ ಕಿಕ್‌ಗೆ ಅನುಮತಿ ಸಿಕ್ಕಿತು.

ನನ್ನ ಅಭಿಪ್ರಾಯ ಕೇಳಿದರೆ, ಹ್ಯಾನ್ಸೆನ್‌ಗೆ ಹೊಟ್ಟೆ ಉರಿದದ್ದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ. ನೀರಿನ ಮೇಲಿಂದ ನೋಡಿ ಹಿಡಿಯಲಾಗದ ತಪ್ಪಿಗೆ ನಿಯಮ ಇತ್ತು, ಅಷ್ಟೇ. ಅದಲ್ಲದೆ 200 ಮೀಟರ್‌ನಲ್ಲಿ ಅವರು 2 ನಿಮಿಷ 9.44 ಸೆಕೆಂಡಿನಲ್ಲಿ ಮುಗಿಸಿದಾಗ ಎರಡನೆಯವರು ಒಂದು ಸೆಕೆಂಡಿಗಿಂತ ಜಾಸ್ತಿ ಹಿಂದೆ ಇದ್ದರು. ಆ ಎರಡನೆಯವನು ಹಂಗೇರಿಯ 15 ವರ್ಷದ ಹುಡುಗ, ಡೇನಿಯಲ್ ಗ್ಯುರ್ಟಾ. ಹೆಸರು ನೆನಪಿಡಿ, ಮುಂದೆ ಬರುತ್ತಾನೆ.

ಹ್ಯಾನ್ಸೆನ್ ಜೊತೆ ಜಗಳ ಇತ್ತಾ?

ಪೈಪೋಟಿ ಇತ್ತು, ಅದೂ ಕೆಳದರ್ಜೆಯದ್ದಲ್ಲ. ಅಥೆನ್ಸ್‌ಗೆ ಬರುವಾಗ ಎರಡೂ ವಿಶ್ವದಾಖಲೆ ಹ್ಯಾನ್ಸೆನ್ ಕೈಯಲ್ಲಿದ್ದವು. ಅಲ್ಲಿ ಗೆದ್ದದ್ದು ಕಿಟಾಜಿಮಾ. 2005ರ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹ್ಯಾನ್ಸೆನ್ ಎರಡೂ ಗೆದ್ದರು. 2007ರ ಮೆಲ್ಬರ್ನ್‌ನಲ್ಲಿ 100 ಮೀಟರ್ ಹ್ಯಾನ್ಸೆನ್‌ಗೆ, 200 ಮೀಟರ್ ಕಿಟಾಜಿಮಾಗೆ. ಇಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಂಡೇ ಮುಂದೆ ಹೋದರು.

ಬೀಜಿಂಗ್ ಫೈನಲ್‌ಗೆ ಮುಂಚೆ ಕೋಚ್ "ನಿಧಾನ ಹೋಗು" ಅಂದರಂತೆ. ಹಾಗೆ ಯಾರಾದರೂ ಹೇಳ್ತಾರಾ?

ಹೇಳಿದರು. ಧೈರ್ಯ ಮಾಡಿ ನಿಧಾನವಾಗಿ ಹೋಗು ಅಂತ ಹಿರಾಯ್ ಹೇಳಿ ಕಳಿಸಿದರು. ಒಲಿಂಪಿಕ್ ಫೈನಲ್, ಬರೀ 100 ಮೀಟರ್, ಪಕ್ಕದ ಲೇನುಗಳಲ್ಲಿ ಲೋಕದ ಅತಿ ವೇಗದ ಏಳು ಮಂದಿ. ಅಂಥ ಹೊತ್ತಿನಲ್ಲಿ ಕೈ ತಾನೇ ಅವಸರ ಮಾಡುತ್ತದೆ. ಕೋಚ್ ಹೇಳಿದ್ದು ವೇಗ ಕಡಿಮೆ ಮಾಡು ಅಂತ ಅಲ್ಲ. ಒಂದೊಂದು ಒದೆತದ ಫಲ ಪೂರ್ತಿ ಸಿಗುವವರೆಗೆ ಕಾಯಿ, ಅವಸರದಲ್ಲಿ ಮುಂದಿನ ಸ್ಟ್ರೋಕ್ ಎಳೆಯಬೇಡ ಅಂತ. ಅದಕ್ಕೆ ನಿಜವಾಗಿಯೂ ಧೈರ್ಯ ಬೇಕು. ಪಕ್ಕದವನು ಮುಂದೆ ಹೋಗುತ್ತಿರುವಾಗ ಕೈ ಚಾಚಿಕೊಂಡು ಸುಮ್ನೆ ಜಾರುತ್ತಾ ಇರುವುದು ಹೇಳಿದಷ್ಟು ಸುಲಭ ಅಲ್ಲ.

ಆ ದಿನ ಅವರು 58.91 ಸೆಕೆಂಡಿನಲ್ಲಿ ಗೋಡೆ ಮುಟ್ಟಿದರು. ವಿಶ್ವದಾಖಲೆ. 59 ಸೆಕೆಂಡಿಗಿಂತ ಕಡಿಮೆಯಲ್ಲಿ ಈಜಿದ ಮೊದಲಿಗ. ನಾರ್ವೆಯ ಅಲೆಕ್ಸಾಂಡರ್ ಡೇಲ್ ಊನ್ 59.20ರಲ್ಲಿ ಎರಡನೆಯವರು, ಹ್ಯಾನ್ಸೆನ್ ನಾಲ್ಕನೆಯವರು. 200 ಮೀಟರ್‌ನಲ್ಲಿ 2 ನಿಮಿಷ 7.64 ಸೆಕೆಂಡ್, ಅದೂ ಒಲಿಂಪಿಕ್ ದಾಖಲೆ. ಅಥೆನ್ಸ್‌ನಲ್ಲಿ ಗೆದ್ದಾಗ ಖುಷಿಯಿಂದ ಕೂಗಿದ್ದ ಮನುಷ್ಯ, ಬೀಜಿಂಗ್‌ನಲ್ಲಿ ಮೈಕ್ ಮುಂದೆ ಅಳುತ್ತಾ ಮಾತೇ ಹೊರಡುತ್ತಿಲ್ಲ ಅಂದರು.

ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಅದಕ್ಕೆ ನಾನು ಮನೆಯಿಂದ ಹುಣಸೆ ಬೀಜ ತರುತ್ತೇನೆ. ಒಬ್ಬರು ಈಜುತ್ತಾರೆ, ಜೊತೆಗಾರ ದಂಡೆಯಲ್ಲಿ ಸ್ಟೀಲ್ ಲೋಟ ಹಿಡಿದು ನಡೆಯುತ್ತಾನೆ. ಒಂದು ಸ್ಟ್ರೋಕ್‌ಗೆ ಒಂದು ಬೀಜ, ಟಣ್ ಅಂತ. ಕೊಳದ ಆ ಕಡೆ ಮುಟ್ಟಿದ ಮೇಲೆ ಒದ್ದೆ ಕಲ್ಲಿನ ಮೇಲೆ ಲೋಟ ಬಗ್ಗಿಸಿ ಎಣಿಸಬೇಕು. ಕಳೆದ ಮೇ ತಿಂಗಳಲ್ಲಿ ಆರನೇ ಕ್ಲಾಸಿನ ಒಬ್ಬಳು ಹುಡುಗಿ ಮೊದಲ ಸಲ 41 ಬೀಜ ಹಾಕಿಸಿದಳು. ಒದ್ದ ಮೇಲೆ ಮನಸ್ಸಿನಲ್ಲಿ "ಒಂದು" ಅಂತ ಹೇಳಿಕೊಂಡು ಆಮೇಲೆ ಕೈ ಎಳಿ ಅಂದೆ. 34 ಬಂತು. ಗಡಿಯಾರ ತೋರಿಸಿದೆ. ಉಸಿರು ಬಿಡುತ್ತಾ ಅವಳು ಅಂದದ್ದು: "ಸರ್ರ, ಕಡಿಮಿ ಕೈ ಹೊಡದೇನ್ರಿ, ಆದ್ರ ಮೊದಲಿಗಿಂತ ಲಗೂ ಬಂದೇನ್ರಿ!" ಹಿರಾಯ್ ಹೇಳಿದ ಮಾತಿನ ಅರ್ಥ ಅವಳಿಗೆ ಅಲ್ಲೇ ಸಿಕ್ಕಿತು.

ಆ ವಿಶೇಷ ಈಜುಡುಗೆ ಹಾಕಿದ್ದಕ್ಕೆ ಗೆದ್ದರು ಅಂತಾರೆ?

2008 ಈಜುಡುಗೆಗಳ ಗಲಾಟೆಯ ವರ್ಷ. ನೀರಿನ ತಡೆ ಕಡಿಮೆ ಮಾಡುವ, ಸ್ಪೀಡೊ ಕಂಪನಿಯ ಎಲ್‌ಝಡ್‌ಆರ್ ರೇಸರ್ ಎಂಬ ಉಡುಗೆ ಹಾಕಿದವರೆಲ್ಲ ದಾಖಲೆ ಮುರಿಯುತ್ತಿದ್ದರು. ಜಪಾನಿನ ಈಜುಗಾರರಿಗೆ ಮೊದಲು ಬೇರೆ ಕಂಪನಿಗಳ ಉಡುಗೆ ಮಾತ್ರ ಹಾಕುವ ಕಟ್ಟು ಇತ್ತು. ಆ ಜೂನ್‌ನಲ್ಲಿ ಕಿಟಾಜಿಮಾ ಸ್ಪೀಡೊ ಉಡುಗೆಯಲ್ಲಿ 200 ಮೀಟರನ್ನು 2 ನಿಮಿಷ 7.51 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ಅದೇ ಕೂಟಕ್ಕೆ ಅವರು ಹಾಕಿಕೊಂಡು ಬಂದ ಟೀ ಶರ್ಟ್ ಮೇಲೆ, ಈಜುವವನು ನಾನು ಅನ್ನುವ ಅರ್ಥದ ಸಾಲು ಇತ್ತು. ಎಲ್ಲರೂ ಬಟ್ಟೆಯ ಬಗ್ಗೆಯೇ ಮಾತಾಡುತ್ತಿದ್ದರಲ್ಲ, ಅದಕ್ಕೆ ಅವರ ಉತ್ತರ.

ಉಡುಗೆಯಿಂದ ಲಾಭ ಇತ್ತು, ಅದು ಸುಳ್ಳಲ್ಲ. ಆದರೆ ಬೀಜಿಂಗ್‌ನಲ್ಲಿ ಉಳಿದವರಿಗೂ ಅದು ಸಿಗುತ್ತಿತ್ತು. 2010ರ ಜನವರಿಯಿಂದ ಅಂಥ ಉಡುಗೆಗಳಿಗೆ ನಿಷೇಧ ಬಂತು. ಅದೇ ವರ್ಷ ಅಮೆರಿಕದ ಅರ್ವೈನ್‌ನಲ್ಲಿ ನಡೆದ ಪ್ಯಾನ್ ಪೆಸಿಫಿಕ್ ಕೂಟದಲ್ಲಿ ಕಿಟಾಜಿಮಾ ಸಾದಾ ಉಡುಗೆಯಲ್ಲೇ 100 ಮತ್ತು 200 ಎರಡನ್ನೂ ಗೆದ್ದರು.

ಲಂಡನ್‌ನಲ್ಲಿ ಏನಾಯಿತು?

2012ರಲ್ಲಿ ಅವರಿಗೆ 29 ವರ್ಷ. ಮೂರನೇ ಸಲ ಅದೇ ಚಿನ್ನ ಬೇಕಿತ್ತು. 100 ಮೀಟರ್‌ನಲ್ಲಿ ಐದನೇ ಸ್ಥಾನ. ದಕ್ಷಿಣ ಆಫ್ರಿಕದ ಕ್ಯಾಮರನ್ ವ್ಯಾನ್ ಡರ್ ಬರ್ಗ್ 58.46 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದರು. 200 ಮೀಟರ್‌ನಲ್ಲಿ ಗೆದ್ದವರು ಯಾರು ಗೊತ್ತಾ? ಅಥೆನ್ಸ್‌ನ ಆ 15 ವರ್ಷದ ಹುಡುಗ ಗ್ಯುರ್ಟಾ, 2 ನಿಮಿಷ 7.28 ಸೆಕೆಂಡ್, ಅದೂ ವಿಶ್ವದಾಖಲೆ. ಕಿಟಾಜಿಮಾ 2 ನಿಮಿಷ 8.35ರಲ್ಲಿ ನಾಲ್ಕನೆಯವರು. ಕಂಚು ತಪ್ಪಿಸಿದ್ದು ಅವರದೇ ದೇಶದ ರಿಯೊ ತಾತೇಶಿ, ಬರೀ 0.06 ಸೆಕೆಂಡಿನಿಂದ.

ಬೀಜಿಂಗ್‌ನಲ್ಲಿ ಅವರ ಪಕ್ಕದಲ್ಲಿ ಬೆಳ್ಳಿ ಗೆದ್ದಿದ್ದ ಡೇಲ್ ಊನ್ ಲಂಡನ್‌ಗೆ ಬರಲೇ ಇಲ್ಲ. ಒಲಿಂಪಿಕ್ಸ್‌ಗೆ ಮೂರು ತಿಂಗಳು ಇರುವಾಗ, 2012ರ ಏಪ್ರಿಲ್ 30ರಂದು, ಅಮೆರಿಕದಲ್ಲಿ ತರಬೇತಿ ಶಿಬಿರದಲ್ಲಿದ್ದಾಗಲೇ ಹೃದಯ ನಿಂತು ತೀರಿಕೊಂಡರು. 26 ವರ್ಷ. ಹಿಂದಿನ ವರ್ಷವಷ್ಟೇ 100 ಮೀಟರ್ ವಿಶ್ವ ಚಾಂಪಿಯನ್ ಆಗಿದ್ದರು. ಇದನ್ನು ಹೇಳುವಾಗ ಮಕ್ಕಳು ಸುಮ್ಮನಾಗಿಬಿಡುತ್ತಾರೆ.

ಕೊನೆಯ ದಿನ ಮೆಡ್ಲೆ ರಿಲೇ ಇತ್ತು. ನಾಲ್ಕು ಜನ, ನಾಲ್ಕು ಬಗೆಯ ಈಜು. ಕೊಸುಕೆ ಅವರನ್ನು ಬರಿಗೈಯಲ್ಲಿ ಮನೆಗೆ ಕಳಿಸಬಾರದು ಅಂತ ಉಳಿದ ಮೂವರು ಮಾತಾಡಿಕೊಂಡಿದ್ದರು. ರೇಸ್ ಆದ ಮೇಲೆ ಅವರಲ್ಲೊಬ್ಬರಾದ ತಾಕೇಶಿ ಮಾತ್ಸುದಾ ಅದನ್ನು ಟಿವಿ ಮುಂದೆ ಹೇಳಿದರು. ಜಪಾನ್ ತಂಡಕ್ಕೆ ಬೆಳ್ಳಿ ಸಿಕ್ಕಿತು. ನಾಲ್ಕು ಚಿನ್ನಕ್ಕಿಂತ ನನಗೆ ಈ ಬೆಳ್ಳಿಯೇ ಹೆಚ್ಚು ಇಷ್ಟ.

ನಿವೃತ್ತಿ ಹೇಗಾಯಿತು?

2016ರ ಏಪ್ರಿಲ್‌ನಲ್ಲಿ, ರಿಯೊ ಒಲಿಂಪಿಕ್ಸ್‌ಗೆ ಜಪಾನ್ ತಂಡ ಆರಿಸುವ ಕೂಟದಲ್ಲಿ. ಅವರಿಗೆ 33 ವರ್ಷ. ಜಪಾನಿನ ನಿಯಮ ತುಂಬಾ ಕಠಿಣ: ಫೈನಲ್‌ನಲ್ಲಿ ಮೊದಲ ಎರಡು ಸ್ಥಾನದಲ್ಲಿ ಇರಬೇಕು, ಜೊತೆಗೆ ನಿಗದಿ ಮಾಡಿದ ಸಮಯದೊಳಗೂ ಬರಬೇಕು. 100 ಮೀಟರ್‌ಗೆ ಆ ಸಮಯ 59.63 ಸೆಕೆಂಡ್. ಸೆಮಿಫೈನಲ್‌ನಲ್ಲಿ ಅವರು ಈಜಿದ್ದು 59.62. ಆದರೆ ಲೆಕ್ಕಕ್ಕೆ ಬರುವುದು ಫೈನಲ್ ಮಾತ್ರ. ಫೈನಲ್‌ನಲ್ಲಿ ಎರಡನೇ ಸ್ಥಾನ ಬಂತು, ಸಮಯ 59.93. ತಂಡದಲ್ಲಿ ಜಾಗ ಸಿಗಲಿಲ್ಲ. 200 ಮೀಟರ್‌ನಲ್ಲಿ ಐದನೆಯವರಾದರು. ಅಲ್ಲಿಗೆ ನಿಲ್ಲಿಸುತ್ತೇನೆ ಅಂದರು.

ಏಳು ಪದಕ ಗೆದ್ದವರಿಗೆ ಒಂದು ರಿಯಾಯಿತಿ ಕೊಡಬಹುದಿತ್ತಲ್ವಾ ಅಂತ ಪಾಲಕರು ಕೇಳುತ್ತಾರೆ. ಕೊಡಲಿಲ್ಲ. ಅವರೂ ಕೇಳಲಿಲ್ಲ.

ಈಗ ಏನು ಮಾಡುತ್ತಾರೆ?

ಈಜಿನ ಜೊತೆಗೇ ಇದ್ದಾರೆ. 2020ರಲ್ಲಿ ಅಂತರರಾಷ್ಟ್ರೀಯ ಈಜು ಲೀಗ್‌ಗೆ ಟೋಕಿಯೊ ತಂಡ ಕಟ್ಟಿದಾಗ ಅದರ ಮುಖ್ಯ ವ್ಯವಸ್ಥಾಪಕ ಅವರೇ. ತಂಡದ ಹೆಸರು ಟೋಕಿಯೊ ಫ್ರಾಗ್ ಕಿಂಗ್ಸ್, ಅಂದರೆ ಕಪ್ಪೆ ರಾಜರು. ನಮ್ಮ ಹುಡುಗರಿಗೆ ಈ ಹೆಸರು ಕೇಳಿದರೆ ಖುಷಿಯೋ ಖುಷಿ.

ಅವರ ದಾಖಲೆ ಈಗಲೂ ಇದೆಯಾ?

ಇಲ್ಲ. 100 ಮೀಟರ್ ದಾಖಲೆ ಬ್ರಿಟನ್‌ನ ಆ್ಯಡಮ್ ಪೀಟಿ ಅವರದು, 2019ರಲ್ಲಿ 56.88 ಸೆಕೆಂಡ್. 200 ಮೀಟರ್ ದಾಖಲೆ ಚೀನಾದ ಚಿನ್ ಹೈಯಾಂಗ್ ಅವರದು, 2023ರಲ್ಲಿ 2 ನಿಮಿಷ 5.48 ಸೆಕೆಂಡ್.

ನಮ್ಮ ದೇಶದಿಂದ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಯಾರೂ ಇಲ್ವಾ?

ಇದ್ದಾರೆ. ದಿಲ್ಲಿಯ ಸಂದೀಪ್ ಸೆಜ್ವಾಲ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಿಟಾಜಿಮಾ ಈಜಿದ ಅದೇ ಕೊಳದಲ್ಲಿ, ಅದೇ ಸ್ಪರ್ಧೆಯಲ್ಲಿ ಈಜಿದರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಕಂಚು ಗೆದ್ದರು. ಅವರು ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ, ಕೋಚ್ ನಿಹಾರ್ ಅಮೀನ್ ಹತ್ತಿರ. ನಮಗೆ ಇನ್ನೂ ಹತ್ತಿರದವರು ಬೇಕೆಂದರೆ ಕೊಲ್ಹಾಪುರದ ವೀರಧವಳ ಖಾಡೆ ಇದ್ದಾರೆ. ಅವರದು ಬ್ರೆಸ್ಟ್‌ಸ್ಟ್ರೋಕ್ ಅಲ್ಲ, 2010ರ ಗುವಾಂಗ್‌ಝೌನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ ಮೇಲೆ ಏಷ್ಯನ್ ಗೇಮ್ಸ್ ಈಜಿನಲ್ಲಿ ಭಾರತಕ್ಕೆ 24 ವರ್ಷ ಪದಕವೇ ಇರಲಿಲ್ಲ. ಆ ಬರ ನೀಗಿಸಿದ್ದು ನಿಪ್ಪಾಣಿ ದಾಟಿದರೆ ಸಿಗುವ ಊರಿನ ಹುಡುಗ.

ಮಗನಿಗೆ ಬ್ರೆಸ್ಟ್‌ಸ್ಟ್ರೋಕ್ ಮಾಡಿದರೆ ಮೊಣಕಾಲು ನೋಯುತ್ತದೆ. ಬಿಡಿಸಬೇಕಾ?

ಮೊದಲು ನಿಲ್ಲಿಸಿ, ಆಮೇಲೆ ಒದೆತ ನೋಡಿಸಿ. ನೋವು ಮೊಣಕಾಲಿನ ಒಳಬದಿಯಲ್ಲಿದ್ದರೆ ಹೆಚ್ಚಾಗಿ ತಪ್ಪು ಒದೆತವೇ ಕಾರಣ. ಮೊಣಕಾಲನ್ನು ತೀರಾ ಅಗಲಿಸಿ ಒದ್ದರೆ ಮೂಳೆಗಳನ್ನು ಹಿಡಿದಿಡುವ ಒಳಬದಿಯ ಕಟ್ಟು (ಲಿಗಮೆಂಟ್) ಎಳೆದಂತಾಗುತ್ತದೆ. ನನಗೆ 14 ವರ್ಷ ಇದ್ದಾಗ ಒಬ್ಬ ಕೋಚ್, ಮೈ ಬಿಸಿ ಮಾಡಿಸದೆ ದಿನಾ ಬರೀ ಕಾಲು ಒದೆಸುತ್ತಿದ್ದರು. ನೋವು ಅಂದರೆ "ಗಂಡಸಲ್ಲೇನು?" ಅನ್ನುತ್ತಿದ್ದರು. ಎರಡು ತಿಂಗಳು ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಅದಕ್ಕೇ ಹೇಳುತ್ತೇನೆ, ನೋವು ಅಂದ ಮಗುವಿನ ಮಾತು ನಂಬಿ. ಮೊಣಕಾಲು ಸೊಂಟದಷ್ಟೇ ಅಗಲ ಇರಲಿ, ಹಿಮ್ಮಡಿ ಕುಂಡೆಯ ಹತ್ತಿರ ಬರಲಿ, ಪಾದ ಹೊರಕ್ಕೆ ತಿರುಗಲಿ. ಎರಡು ವಾರ ಬಿಟ್ಟರೂ ನೋವು ಹೋಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಬೆಳಗಾವಿಯಲ್ಲಿ ಎಲ್ಲಿ ಕಲಿಯಬಹುದು?

ಶುರುವಿಗೆ ಗೋವಾವೇಸ್ ಕೊಳ ಇದೆ. ಸ್ಪರ್ಧೆಯ ಮಟ್ಟಕ್ಕೆ ಬಂದವರಿಗೆ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನ ಆವರಣದಲ್ಲಿ ಒಲಿಂಪಿಕ್ ಅಳತೆಯ ಕೊಳ ಇದೆ. ಡಿಸೆಂಬರ್ ಬೆಳಿಗ್ಗೆ ನಮ್ಮೂರ ನೀರು ಹಲ್ಲು ಕಟಕಟ ಅನ್ನಿಸುತ್ತದೆ. ಚಿಕ್ಕ ಮಕ್ಕಳನ್ನು ಫೆಬ್ರುವರಿ ಆದ ಮೇಲೆ ಕರೆತನ್ನಿ.

ನಮ್ಮ ಹುಡುಗ ಹಳ್ಳಿ ಬಾವಿಯಲ್ಲಿ ಕಲಿತವನು. ಬ್ರೆಸ್ಟ್‌ಸ್ಟ್ರೋಕ್‌ಗೆ ಬರಬಹುದಾ?

ಖಂಡಿತ ಬರಬಹುದು. ನೀರಿನ ಭಯ ಇಲ್ಲದಿರುವುದೇ ದೊಡ್ಡ ಆಸ್ತಿ. ಬಾವಿಯ ಮಕ್ಕಳಲ್ಲಿ ಎರಡು ಅಭ್ಯಾಸ ಬಿಡಿಸಬೇಕಾಗುತ್ತದೆ. ಒಂದು, ತಲೆಯನ್ನು ಸದಾ ಮೇಲೆ ಇಟ್ಟುಕೊಳ್ಳುವುದು. ಹಾಗೆ ಇಟ್ಟರೆ ಕಾಲು ಕೆಳಗೆ ಇಳಿಯುತ್ತದೆ. ಇನ್ನೊಂದು, ಎರಡು ಕಾಲನ್ನೂ ಬೇರೆ ಬೇರೆ ಒದೆಯುವುದು. ಮೊದಲನೆಯದು ಒಂದು ವಾರದಲ್ಲಿ ಸರಿಹೋಗುತ್ತದೆ, ಎರಡನೆಯದಕ್ಕೆ ತಿಂಗಳು ಹಿಡಿಯಬಹುದು. ಖಾನಾಪುರ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಒಬ್ಬ ಹುಡುಗನಿಗೆ ಆರು ವಾರ ಬೇಕಾಯಿತು. ಕರೆದುಕೊಂಡು ಬನ್ನಿ. ದಂಡೆ ಹಿಡಿದು ಹತ್ತು ಸಲ ಒದೆಯಲಿ, ಪಾದ ಯಾವ ಕಡೆ ತಿರುಗುತ್ತದೆ ಅಂತ ನೋಡಿ ಹೇಳುತ್ತೇನೆ. ಬರುವಾಗ ಒಂದು ಹಿಡಿ ಹುಣಸೆ ಬೀಜ ತನ್ನಿ, ನನ್ನ ಹತ್ತಿರ ಇದ್ದವು ಅರ್ಧ ನೀರಿಗೆ ಬಿದ್ದು ಹೋಗಿವೆ.